ಬಳ್ಳಾರಿಯಂಥ ಸಿಟಿಯಾಗ ಕೇರಿಯಿಂದ ಲೀಡರ್‌ಗಳನ್ನ ಬೆಳೆಸೋದು ಹೆಂಗ? ಗೊತ್ತಿದ್ದೋರು ಹೇಳ್ರಿ

ಕೌಲ್‌ಬಜಾರ್ ಹುಡುಗ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಐತಿ ಬೈಕೋಬ್ಯಾಡ್ರಿ. ನಾವೊಂದಿಷ್ಟು ಹುಡುಗ್ರು ಹುಡುಗೇರು ಸೇರ್ಕೊಂಡು ಬಳ್ಳಾರಿಯಾಗ ಸಂಜಿ ಹೊತ್ತು ಮಕ್ಕಳಿಗೆ ಟ್ಯೂಷನ್ ಹೇಳ್ತೀವಿ, ನಮ್ಮೊಳಗ ಮಾದಿಗ್ರು ಅದಾರ ಛಲವಾದಿಗಳು ಅದಾರ ವಾಲ್ಮೀಕಿಗಳು ಮುಸ್ಲಿಮ್ರು ಎಲ್ಲಾ ಅದಾರ. ಈಗ ಏನು ಅನಿಸಾಕತ್ತೇತಿ ಅಂದ್ರ ಟ್ಯೂಷನ್ ಒಂದೇ ಸಾಲಲ್ಲ, ಚರಂಡಿ ನೀರು ರೇಷನ್ ಕಾರ್ಡು ಅಂತ ಆಫೀಸಿಗೆ ಹೋದಾಗ ನಮ್ಮ ಮಂದಿಯನ್ನ ಕುರ್ಚಿ ಮೇಲೆ ಕೂಡು ಅನ್ನೋರಿಲ್ಲ, ಅಲ್ಲಿ ನಿಂತು ಮಾತಾಡೋರು ಕೇರಿಯಿಂದಾನ ಹುಟ್ಟಬೇಕು.

ನಮ್ಮ ಸಂಬಂಧಿಕರೊಬ್ರು ಅಮೆರಿಕಾದಾಗ ಅದಾರ, ಅಲ್ಲಿ ಸಿಟಿಗಳು ಜನಾಂಗೀಯ ಸಮಾನತೆಗೆ ಅಂತ ಕಮ್ಯುನಿಟಿ ಲೀಡರ್‌ಗಳನ್ನ ಆರಿಸಿ ತಿಂಗಳುಗಟ್ಟಲೆ ಟ್ರೇನಿಂಗ್ ಕೊಟ್ಟು ಸಿಟಿ ಕಮಿಟಿಗಳ ಒಳಗ ಕೂಡಿಸ್ತಾವಂತ. ಓದಾಕ ಛಂದ ಐತಿ. ನಮ್ಮ ಕಡೆ ನಾನು ನೋಡಿರೋ ನಾಯಕತ್ವ ತರಬೇತಿ ಅಂದ್ರ ಹೋಟೆಲ್ ಹಾಲು, ಫ್ಲೆಕ್ಸು, ಮಧ್ಯಾಹ್ನ ಊಟ, ಸರ್ಟಿಫಿಕೇಟು, ಗ್ರೂಪ್ ಫೋಟೋ, ಮುಗೀತು. ಅದರಾಗ ಯಾವನಾದ್ರೂ ಚಲೋ ಮಾತಾಡಿದ ಅಂದ್ರ ಎಲೆಕ್ಷನ್ ಬರೋದ್ರೊಳಗ ಯಾವುದಾದ್ರೂ ಪಾರ್ಟಿಯೋರು ಎತ್ಕೊಂಡು ಹೋಗಿರ್ತಾರ, ಆಮೇಲೆ ಅವನ ಫೋನು ಹತ್ತಂಗಿಲ್ಲ.

ಹಂಗಾಗಿ ಕೇಳೋದು ಇಷ್ಟೇ, ಯಾರನ್ನ ಆರಿಸಬೇಕು, ಏನು ಕಲಿಸಬೇಕು, ಪಾರ್ಟಿಯೋರು ನುಂಗದಂಗ ನೋಡ್ಕೊಳ್ಳೋದು ಹೆಂಗ. ಜಾತಿ ಬ್ಯಾರೆ ಜನಾಂಗ ಬ್ಯಾರೆ ಅನ್ನೋ ಚರ್ಚೆ ದಯವಿಟ್ಟು ಇಲ್ಲಿ ಬ್ಯಾಡ, ಅದಕ್ಕ ಬ್ಯಾರೆ ಥ್ರೆಡ್ ಬೇಕಾದಷ್ಟು ಅದಾವ.

ಹಳೇ ಶಿಬಿರಾರ್ಥಿ, ರಾಯಚೂರು:

ತಮ್ಮಾ, ಇದಕ್ಕ ಅಮೆರಿಕಾಕ್ಕ ಯಾಕ ಹೋಗ್ತಿ, ನಮ್ಮಲ್ಲೇ ಐತಲ್ಲ. 1973ರಾಗ ದಲಿತ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಾಗ ಬಹಳಷ್ಟು ಬೂಸಾ ಅಂದದ್ದಕ್ಕ ಬೂಸಾ ಗಲಾಟೆ ಆಯ್ತು, ಅವರು ಮಂತ್ರಿ ಸ್ಥಾನ ಬಿಡಬೇಕಾಯ್ತು, ಆ ಸಿಟ್ಟಿನ ಬೆನ್ನಿಗೇ ದಲಿತ ಸಂಘರ್ಷ ಸಮಿತಿ (ಡಿಎಸ್ಎಸ್) ಹುಟ್ಟಿದ್ದು, ಭದ್ರಾವತಿಯ ಬಿ. ಕೃಷ್ಣಪ್ಪ ಮೇಷ್ಟ್ರು ಕಟ್ಟಿದ್ರು. ಡಿಎಸ್ಎಸ್ ಬೆಳೆದದ್ದು ಅಧ್ಯಯನ ಶಿಬಿರದಿಂದ. ಯಾವುದೋ ಸಾಲಿ, ಯಾವುದೋ ಹಾಸ್ಟೆಲ್ಲು, ಚಾಪಿ ಮ್ಯಾಲೆ ಮಲಗೋದು, ಬೆಳಿಗ್ಗೆ ಅಂಬೇಡ್ಕರ್ ಓದೋದು, ರಾತ್ರಿ ಹಾಡು. ಹಾಡು ಅಂದ್ರ ಟೈಂಪಾಸ್ ಅಂತ ತಿಳೀಬ್ಯಾಡ, ಓದು ಬರಹ ಬಾರದೋನು ಭಾಷಣ ಮರೀತಾನ, ಹಾಡು ಮರಿಯಂಗಿಲ್ಲ. ಶಿಬಿರ ಮುಗಿಸಿ ಊರಿಗೆ ಹೋದೋನು ಸುಮ್ಮನ ಕೂಡಂಗಿರಲಿಲ್ಲ, ಭೂಮಿದೋ ಹೋಟೆಲ್‌ನಾಗ ದಲಿತರಿಗೆ ಬ್ಯಾರೆ ಲೋಟ ಇಡೋದ್ದೋ ಒಂದು ತಕರಾರು ಕೈಯಾಗ ಹಿಡಿಲೇಬೇಕು. ನಿಮ್ಮ ಹೋಟೆಲ್ ಹಾಲಿನ ಟ್ರೇನಿಂಗ್‌ನಾಗ ಇಲ್ಲದ್ದು ಅದು.

ಕೊರತೀನೂ ಹೇಳ್ತೀನಿ. ಭಾಷಣಕಾರರು ಬಹಳ ಹುಟ್ಟಿದ್ರು, ಆಫೀಸಿನ ಕಾಗದ ಓದೋರು ಕಡಿಮಿ. ಹೆಣ್ಮಕ್ಕಳು ಇನ್ನೂ ಕಡಿಮಿ. ಒಬ್ಬೊಬ್ಬ ಲೀಡರ್ ಹೆಸರಿನಾಗ ಸಮಿತಿ ಒಡದು ಒಡದು ಈಗ ಎಷ್ಟು ಬಣ ಅದಾವ ಎಣಿಸಾಕ ಕೂತ್ರ ಸಂಜಿ ಆಗ್ತೈತಿ.

ಸಿಂಧನೂರು ಟು ಸಿಯಾಟಲ್:

ಹಿರಿಯರು ಹೇಳಿದ್ದು ಸರಿ, ಆದ್ರೂ ಇಲ್ಲಿಂದು ಒಂದು ಕಥೆ ಹೇಳ್ತೀನಿ ಕೇಳ್ರಿ, ಈಗಿನ ಸಿಟಿ ಪ್ರೋಗ್ರಾಂಗಳಿಗಿಂತ ಅದು ಉಪಯೋಗ. ಟೆನ್ನೆಸ್ಸಿ ರಾಜ್ಯದಲ್ಲಿ 1932ರಲ್ಲಿ ಹೈಲ್ಯಾಂಡರ್ ಫೋಕ್ ಸ್ಕೂಲ್ ಅಂತ ಶುರುವಾಯ್ತು, ಕರಿಯರು ಬಿಳಿಯರು ಒಟ್ಟಿಗೆ ಕೂತು ಉಣ್ಣೋದೇ ಕಷ್ಟ ಇದ್ದ ಕಾಲದಲ್ಲಿ ಅಲ್ಲಿ ಒಟ್ಟಿಗೆ ವರ್ಕ್‌ಶಾಪ್. ರೋಸಾ ಪಾರ್ಕ್ಸ್ 1955ರ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಬಂದ್ರು, ಅದೇ ವರ್ಷ ಡಿಸೆಂಬರ್ 1ಕ್ಕೆ ಮಾಂಟ್ಗೊಮೆರಿ ಸಿಟಿ ಬಸ್‌ನಲ್ಲಿ ಬಿಳಿಯರಿಗೆ ಸೀಟು ಬಿಡಲ್ಲ ಅಂದ್ರು. ನಮ್ಮಲ್ಲಿ ಎಲ್ರೂ ಹೇಳೋದು ಪಾಪ ದಣಿದಿದ್ದ ಟೈಲರಮ್ಮ ಅಂತ, ಅದು ಅರ್ಧ ಸತ್ಯ ಕೂಡ ಅಲ್ಲ, ಆಕೆ ವರ್ಷಗಟ್ಟಲೆ ಎನ್‌ಎಎಸಿಪಿ ಅನ್ನೋ ಕರಿಯರ ಹಕ್ಕಿನ ಸಂಘಟನೆಯ ಅಲ್ಲಿನ ಶಾಖೆಗೆ ಸೆಕ್ರೆಟರಿ ಆಗಿದ್ದವರು, ಕೇಸು ಬರೆಯೋದು ಸಾಕ್ಷಿ ಮಾತಾಡಿಸೋದು ಎಲ್ಲಾ ಮಾಡಿದವರು. ಅವರ ಹಿಂದೆ ಅಲ್ಲಿನ ಕರಿಯರ ಮುಖಂಡ ಇ. ಡಿ. ನಿಕ್ಸನ್ ಇದ್ರು, ಪಾಂಪ್ಲೆಟ್ ಹೊಡೆಸಿ ರಾತ್ರೋರಾತ್ರಿ ಹಂಚಿದ ಜೋ ಆನ್ ರಾಬಿನ್ಸನ್ ಇದ್ರು. ಬಸ್ ಬಹಿಷ್ಕಾರ 381 ದಿನ ನಡೀತು ಅಂದ್ರೆ ಒಬ್ಬರಿಂದ ಆಗೋ ಕೆಲಸ ಅಲ್ಲ.

ಅದಕ್ಕಿಂತ ನನಗೆ ಇಷ್ಟ ಆಗೋದು ಇದೇ ಹೈಲ್ಯಾಂಡರ್‌ನವರ ಸಿಟಿಜನ್‌ಶಿಪ್ ಸ್ಕೂಲ್. ಸೌತ್ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ 1957ರಲ್ಲಿ ಶುರು. ಆಗ ಅಲ್ಲಿ ಓಟರ್ ಆಗಬೇಕಂದ್ರೆ ಓದಿ ತೋರಿಸಬೇಕಿತ್ತು, ಕರಿಯರನ್ನ ಹೊರಗಿಡೋಕೆ ಅದೇ ದಾರಿ. ಸೆಪ್ಟಿಮಾ ಕ್ಲಾರ್ಕ್ ಅಂತ ಟೀಚರ್, ಎನ್‌ಎಎಸಿಪಿ ಮೆಂಬರ್ ಅನ್ನೋ ಕಾರಣಕ್ಕೆ 1956ರಲ್ಲಿ ಕೆಲಸ ಹೋಗಿತ್ತು ಅವರದು, ಅವರು ದ್ವೀಪಕ್ಕೆ ಪಾಠ ಹೇಳೋಕೆ ಟೀಚರ್‌ಗಳನ್ನ ಕಳಿಸಲಿಲ್ಲ, ಬರ್ನಿಸ್ ರಾಬಿನ್ಸನ್ ಅಂತ ಹೇರ್‌ಡ್ರೆಸರ್ ಒಬ್ಬರನ್ನ ಕೂಡಿಸಿದ್ರು. ಕಾರಣ ಏನ್ಗೊತ್ತಾ, ಆಕೆ ಗಿರಾಕಿಗಳೆಲ್ಲಾ ಕರಿಯ ಹೆಂಗಸರೇ, ಬಿಳಿಯರು ಯಾರೂ ಆಕೆ ಅನ್ನ ಕಿತ್ತುಕೊಳ್ಳೋಕೆ ಆಗ್ತಿರಲಿಲ್ಲ. ಕ್ಲಾಸಿಗೆ ಬಂದವರನ್ನ ಮೊದಲು ಏನು ಕಲೀಬೇಕು ಅಂತ ಕೇಳಿದ್ರಂತೆ, ಅವರು ಹೇಳಿದ್ದೇ ಪಾಠ ಆಯ್ತು, ಸಹಿ ಹಾಕೋದು, ಅರ್ಜಿ ತುಂಬೋದು, ಆಮೇಲೆ ಸಂವಿಧಾನದ ಕಲಮು.

ನಿಮ್ಮ ಮೊದಲನೇ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ, ಯಾರ ಸಂಬಳ ಎದುರಿನವರ ಕೈಯಲ್ಲಿ ಇಲ್ವೋ ಅವರಿಂದ ಶುರು ಮಾಡಿ. ಅಂದ ಹಾಗೆ ಇದೇ ಸಿಯಾಟಲ್ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯ ನಿಷೇಧಿಸಿತು, ಅಮೆರಿಕಾದಲ್ಲಿ ಮೊದಲ ಸಿಟಿ, ಆವತ್ತು ವಿರೋಧ ಮಾಡೋಕೆ ಬಂದವರಲ್ಲೂ ನಮ್ಮ ದೇಶದವರು ಕಮ್ಮಿ ಇರಲಿಲ್ಲ ಬಿಡಿ.

ಕೌಲ್‌ಬಜಾರ್ ಹುಡುಗ:

ಸರ್ ಸಂಬಳದ ಮಾತು ತಲೀಗೆ ಹತ್ತಿತು. ನಮ್ಮ ಲಿಸ್ಟ್‌ನಾಗ ಜೀನ್ಸ್ ಯೂನಿಟ್‌ನಾಗ ಹೊಲಿಯೋರು, ಕಂಟ್ರಾಕ್ಟ್ ಮ್ಯಾಲೆ ಕಸ ಎತ್ತೋರು ಜಾಸ್ತಿ ಅದಾರ. ನಾಳೆ ದನಿ ಎತ್ತಿದ್ರ ನಾಡಿದ್ದು ಬರಬ್ಯಾಡ ಅಂತಾರ. ಹಂಗಂತ ಅವರನ್ನ ಬಿಟ್ರ ಉಳಿಯೋರು ಯಾರು, ಕಷ್ಟ ಅವರದೇ ಐತಲ್ಲ.

ಸಿಂಧನೂರು ಟು ಸಿಯಾಟಲ್:

ಬಿಡಬೇಡಿ. ಮುಂದೆ ನಿಂತು ಅರ್ಜಿ ಕೊಡೋದು ಸ್ವಂತ ಆಟೋ, ಸ್ವಂತ ಮಿಷನ್ನು, ತರಕಾರಿ ಗಾಡಿ ಇರೋರು. ಏನು ಕೇಳಬೇಕು ಅಂತ ನಿರ್ಧಾರ ಮಾಡೋದು ಎಲ್ಲರೂ.

ಗಂಗಾವತಿ ವಕೀಲೆ:

ನಾನು ಬರೀ ಎರಡನೇ ಪ್ರಶ್ನೆಗೆ ಉತ್ತರ ಕೊಡ್ತೀನಿ, ಏನು ಕಲಿಸಬೇಕು ಅಂತ. ಆತ್ಮವಿಶ್ವಾಸ, ಸಂವಹನ ಕಲೆ ಇವೆಲ್ಲ ಆಮೇಲೆ. ಮೊದಲು ದುಡ್ಡು ಎಲ್ಲಿದೆ ಅಂತ ಕಲಿಸಿ. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇಕಡಾ 24.10 ಎಸ್‌ಸಿ ಎಸ್‌ಟಿ ಕಲ್ಯಾಣಕ್ಕೆ, 7.25 ಇತರೆ ಬಡವರಿಗೆ, 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ಈ ಮೂರು ಅಂಕಿ ಬಾಯಿಪಾಠ ಇರೋ ಹುಡುಗಿ ಒಬ್ಬಳು ಬಜೆಟ್ ಪುಸ್ತಕ ಹಿಡ್ಕೊಂಡು ಆಫೀಸಿಗೆ ಹೋದ್ರೆ ಕುರ್ಚಿ ತಾನಾಗೇ ಬರುತ್ತೆ.

ಆಮೇಲೆ ವಾರ್ಡ್ ಸಮಿತಿ. ನೀವು ಅಮೆರಿಕಾದ ಸಿಟಿ ಕಮಿಟಿ ಅಂತ ಆಸೆಪಡ್ತಿದ್ದೀರಲ್ಲ, ಅದು ನಮ್ಮ ಕಾನೂನಿನಲ್ಲೇ ಇದೆ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಸಿಟಿಗೆ ವಾರ್ಡ್ ಸಮಿತಿ ಅಂತ ಸಂವಿಧಾನದ 243ಎಸ್ ಹೇಳುತ್ತೆ, ಬಳ್ಳಾರಿ 2011ರ ಜನಗಣತಿಯಲ್ಲೇ 4 ಲಕ್ಷ ದಾಟಿತ್ತು, 39 ವಾರ್ಡು. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 13ಎಚ್ ಪ್ರಕಾರ ಕೌನ್ಸಿಲರ್ ಅಧ್ಯಕ್ಷ, ಜೊತೆಗೆ 10 ಸದಸ್ಯರು, ಅದರಲ್ಲಿ ಕನಿಷ್ಠ 2 ಎಸ್‌ಸಿ ಎಸ್‌ಟಿ, ಕನಿಷ್ಠ 3 ಮಹಿಳೆಯರು. ನಾಮಕರಣ ಮಾಡೋದು ಪಾಲಿಕೆ, ಹಾಗಾಗಿ ಕೌನ್ಸಿಲರ್ ಬಳಗದವರೇ ತುಂಬಿಕೊಳ್ಳೋ ಅಪಾಯ ಇದ್ದೇ ಇದೆ. ಅರ್ಜಿ ಹಾಕೋರೇ ಇಲ್ಲ ಅಂದ್ರೆ ಅವರಿಗೆ ಇನ್ನೂ ಸಲೀಸು.

ಇನ್ನೊಂದು ಜಾಗ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ, ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ನಿಯಮಗಳ 17ನೇ ನಿಯಮ. ಡಿಸಿ ಅಧ್ಯಕ್ಷರು, ಮೂರು ತಿಂಗಳಿಗೆ ಒಮ್ಮೆಯಾದ್ರೂ ಸಭೆ ಆಗಬೇಕು, ಎಸ್‌ಸಿ ಎಸ್‌ಟಿ ಅಧಿಕಾರೇತರ ಸದಸ್ಯರು 5 ಜನದವರೆಗೂ ಇರಬಹುದು. ಸಭೆ ಯಾವಾಗ ಆಯ್ತು, ನಡಾವಳಿ ಕೊಡಿ ಅಂತ ಕೇಳೋದೇ ಒಂದು ಟ್ರೇನಿಂಗು.

ನಮ್ಮ ತಾಲ್ಲೂಕಿನ ಮರಕುಂಬಿ ಎಲ್ರಿಗೂ ಗೊತ್ತು. ಕಟಿಂಗ್ ಶಾಪ್‌ಗೆ ಹೋಟೆಲ್‌ಗೆ ಬಿಡದಿರೋ ವಿಷಯದ ಜಗಳದಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲು ಸುಟ್ಟರು, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳ ಸೆಷನ್ಸ್ ಕೋರ್ಟ್ 98 ಜನಕ್ಕೆ ಜೀವಾವಧಿ ಕೊಡ್ತು. ಆಮೇಲೆ ಹೈಕೋರ್ಟ್‌ನಲ್ಲಿ ಬಹಳ ಜನಕ್ಕೆ ಜಾಮೀನಾಯ್ತು, ಅದು ಬೇರೆ ಮಾತು. ಹತ್ತು ವರ್ಷ ಸಾಕ್ಷಿಗಳು ಅದೇ ಊರಲ್ಲಿ, ಅದೇ ಜನರ ನಡುವೆ ಇದ್ಕೊಂಡು ಕೋರ್ಟಿಗೆ ಬಂದು ಹೇಳಿಕೆ ಬದಲಾಯಿಸದೇ ನಿಲ್ಲಬೇಕು, ಮೈಕ್ ಹಿಡಿಯೋ ಲೀಡರ್‌ಗಿಂತ ಅವರ ಜೊತೆ ಕೋರ್ಟಿಗೆ ಬಸ್ ಹತ್ತೋ ಲೀಡರ್ ಬೇಕು ನಮಗೆ. ಸಿಯಾಟಲ್ ಸರ್ ಹೇರ್‌ಡ್ರೆಸರ್ ಕಥೆ ಓದಿ ಮರಕುಂಬಿ ಕಟಿಂಗ್ ಶಾಪೇ ಕಣ್ಣಮುಂದೆ ಬಂತು ನನಗೆ.

ದೇವದಾಸಿ ಮಗಳು, ಕೊಪ್ಪಳ:

ಎಲ್ಲಾರೂ ದೊಡ್ಡ ದೊಡ್ಡದು ಬರದೀರಿ, ನಾ ಸಣ್ಣದು ಕೇಳ್ತೀನಿ. ಟ್ರೇನಿಂಗ್ ಎಷ್ಟೊತ್ತಿಗೆ ಇಡ್ತೀರಿ? ಮುಂಜಾನೆ 11ಕ್ಕ ಇಟ್ರ ಕೂಲಿ ಬಿಟ್ಟು ಯಾರು ಬರ್ತಾರ, ಬಂದ್ರ ಆ ದಿನದ ಕೂಲಿ ಯಾರು ಕೊಡ್ತಾರ. ಸಣ್ಣ ಮಕ್ಕಳನ್ನ ಯಾರು ನೋಡ್ಕೋತಾರ. ಇದನ್ನ ಮೊದಲು ಮಾಡ್ರಿ, ಮಾಡ್ಲಿಲ್ಲ ಅಂದ್ರ ನಿಮ್ಮ ಟ್ರೇನಿಂಗಿಗೆ ಬರೋರು ಡಿಗ್ರಿ ಆಗಿ ಮನ್ಯಾಗ ಖಾಲಿ ಕೂತ ಗಂಡುಡುಗ್ರು ಅಷ್ಟೇ, ಅವರನ್ನೇ ಪಾರ್ಟಿಯೋರು ಎತ್ಕೊಂಡು ಹೋಗೋದು.

ದೇವದಾಸಿ ಬಿಡೋ ಪದ್ಧತಿ ನಿಷೇಧ ಕಾಯ್ದೆ 1982ರಾಗ ಬಂತು. ಆದ್ರ ನಮ್ಮ ತಾಯಂದ್ರಿಗೆ ಪಿಂಚಣಿ, ಮನಿ, ಸರ್ವೇದಾಗ ಹೆಸರು, ಇವು ಯಾವೂ ಕಾಯ್ದೆ ಪುಸ್ತಕದಿಂದ ನಡಕೊಂಡು ಬರಲಿಲ್ಲ. ತಾವೇ ಸಂಘ ಮಾಡ್ಕೊಂಡು ತಹಶೀಲ್ದಾರ್ ಆಫೀಸ್ ಮುಂದ ಕೂತು ತಗೊಂಡಿದ್ದು. ಅವರಾಗ ಒಬ್ಬಾಕೀಗೂ ಸಹಿ ಬರ್ತಿರಲಿಲ್ಲ, ಹೆಬ್ಬಟ್ಟು. ಯಾವ ಆಫೀಸರ್ ಮುಂದೂ ದನಿ ನಡುಗಿದ್ದು ನಾ ನೋಡಿಲ್ಲ. ಹಂಗಾಗಿ ಲೀಡರ್ ಬೆಳೆಸೋದು ಅನ್ನೋ ಮುಂಚೆ ನಿಮ್ಮ ಕೇರ್ಯಾಗ ಈಗಾಗಲೇ ಬಡಿದಾಡೋ ಹೆಂಗಸರು ಯಾರದಾರ ಅಂತ ಹುಡುಕ್ರಿ. ನಳದ ಮುಂದ ಪಾಳಿ ಹಚ್ಚಿ ಜಗಳ ಬಿಡಿಸೋಳು ಒಬ್ಬಾಕಿ ಇದ್ದೇ ಇರ್ತಾಳ.

ಸುಮ್ನೆ ಒಂದು ಮಾತು:

ಇದೆಲ್ಲಾ ಎನ್‌ಜಿಒ ಪುರಾಣ. ರಿಸರ್ವ್ ವಾರ್ಡ್‌ಗಳು ಅದಾವ, ನಿಂತು ಗೆಲ್ರಿ, ಅಧಿಕಾರ ಇದ್ರ ಎಲ್ಲಾ ತಾನೇ ಆಗ್ತೈತಿ. ಇನ್ನೊಂದು, ಎಡ ಬಲ ಅಂದ್ರ ಮಾದಿಗ್ರು ಛಲವಾದಿಗಳನ್ನ ಒಂದೇ ರೂಮಿನಾಗ ಕೂಡಿಸ್ತೀನಿ ಅಂತೀರಿ, ಎಸ್‌ಸಿ ಮೀಸಲಾತಿಯನ್ನ ಒಳಗ ಪಾಲು ಮಾಡೋ ಒಳಮೀಸಲಾತಿ ಗದ್ದಲ ನೋಡಿಲ್ಲೇನು?

ಹಳೇ ಶಿಬಿರಾರ್ಥಿ, ರಾಯಚೂರು:

ಗೆದ್ದೋರು ಅದಾರಲ್ಲಪ್ಪ ಬೇಕಾದಷ್ಟು, ಬಳ್ಳಾರಿ ಎಂಪಿ ಸೀಟೇ ಎಸ್‌ಟಿ ರಿಸರ್ವ್. ಗೆದ್ದೋನನ್ನ ಹಿಡಿದು ಕೇಳೋರು ಕೆಳಗ ಇಲ್ಲದಿದ್ರ ರಿಸರ್ವ್ ಸೀಟು ಟಿಕೆಟ್ ಕೊಟ್ಟೋನ ಮಾತು ಕೇಳ್ತೈತೋ ಕೇರಿ ಮಾತು ಕೇಳ್ತೈತೋ ನೀನೇ ಹೇಳು. ಒಳಮೀಸಲಾತಿ ಮಾತು ಖರೆ. 2024ರ ಆಗಸ್ಟ್ 1ಕ್ಕ ರಾಜ್ಯಗಳು ಒಳಮೀಸಲಾತಿ ಕೊಡಬಹುದು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದ ಮ್ಯಾಲೆ ಮನಸ್ಸು ಬಿಸಿ ಐತಿ, ಮುಚ್ಚಿಟ್ರ ಆಗಂಗಿಲ್ಲ. ಮೊದಲನೇ ದಿನಾನ ಅದನ್ನ ಮಾತಾಡಿ ಬಿಡ್ರಿ, ಜಗಳ ಆಗ್ಲಿ. ಆಮೇಲೆ ಎರಡೂ ಕೇರಿಗೆ ಒಂದೇ ಇರೋ ಚರಂಡಿ ಹಿಡೀರಿ.

ಪಾರ್ಟಿ ನುಂಗೋದಕ್ಕ ನನಗ ಗೊತ್ತಿರೋ ಔಷಧ ಒಂದೇ, ಒಬ್ಬನ್ನ ಬೆಳೆಸಬ್ಯಾಡ್ರಿ. ಪ್ರತಿ ವಾರ್ಡಿಗೆ ಐದಾರು ಮಂದಿ, ಆಫೀಸಿಗೆ ಹೋಗೋದು ಪಾಳಿ ಪ್ರಕಾರ, ಯಾರೂ ಎರಡು ಸಲ ಬೆನ್ನಿಂದ ಬೆನ್ನಿಗೆ ಮಾತಾಡಂಗಿಲ್ಲ. ಕಾಗದಪತ್ರ ಒಬ್ಬನ ಮನ್ಯಾಗ ಇರಬಾರ್ದು. ಒಬ್ಬ ಹೋದ್ರೂ ಫೈಲು ಉಳೀಬೇಕು.

ಕೌಲ್‌ಬಜಾರ್ ಹುಡುಗ:

ಎಲ್ರಿಗೂ ಥ್ಯಾಂಕ್ಸ್ ರೀ. ಅಕ್ಕಾ ನೀವು ಹೇಳಿದ್ದಕ್ಕ ಹಾಲ್ ಬಾಡಿಗೆ ದುಡ್ಡನ್ನ ಕೂಲಿಗೆ ಹಚ್ಚೋಣ ಅಂತ ಗ್ರೂಪ್‌ನಾಗ ಹಾಕೀನಿ, ಇಬ್ರು ಮೂವರು ಮುಖ ಊದಿಸ್ಕೊಂಡಾರ, ಆಗ್ಲಿ. ಟ್ರೇನಿಂಗ್ ಟ್ಯೂಷನ್ ನಡೆಯೋ ಜಾಗದಾಗೇ, ರಾತ್ರಿ ಎಂಟರ ಮ್ಯಾಲೆ. ಶುರುವಿಗೆ 24.10 ಒಂದೇ ಹಿಡೀತೀವಿ. ವಕೀಲ್ ಮೇಡಂ, ಆರ್‌ಟಿಐ ಹಾಕಬೇಕಂದ್ರ ಹೆಂಗ ಬರೀಬೇಕು, 24.10, ವಾರ್ಡ್ ಸಮಿತಿ, ಯುಜಿಡಿ (ಒಳಚರಂಡಿ) ಎಲ್ಲಾ ಒಂದರಾಗೇ ಕೇಳಬಹುದಾ?

ಗಂಗಾವತಿ ವಕೀಲೆ:

ಬೇಡ, ವಾಪಸ್ ಬರುತ್ತೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಫೀಸು 10 ರೂಪಾಯಿ, ಬಿಪಿಎಲ್ ಕಾರ್ಡಿನವರು ಹಾಕಿದ್ರೆ ಅದೂ ಇಲ್ಲ, ಜೆರಾಕ್ಸ್ ಪುಟಕ್ಕೆ 2 ರೂಪಾಯಿ. ಯಾಕೆ ಖರ್ಚು ಮಾಡಿಲ್ಲ ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ ಅಂತ ತಳ್ಳಿಹಾಕ್ತಾರೆ. ಕಳೆದ 3 ವರ್ಷ 24.10 ನಿಧಿಯಲ್ಲಿ ತೆಗೆದಿಟ್ಟ ಮೊತ್ತ, ಖರ್ಚಾದ ಮೊತ್ತ, ವಾರ್ಡ್‌ವಾರು ಕಾಮಗಾರಿ ಪಟ್ಟಿಯ ನಕಲು ಕೊಡಿ ಅಂತ ಬರೀರಿ. ಬೇರೆ ಬೇರೆ ಅರ್ಜಿ ಬೇರೆ ಬೇರೆ ಜನ ಹಾಕಲಿ, 30 ದಿನ ಕಾಯಿರಿ. ಬಂದದ್ದನ್ನ ಇಲ್ಲಿ ಹಾಕಿದ್ರೆ ಓದೋದು ಹೇಗೆ ಅಂತ ಹೇಳ್ತೀನಿ.