‘ಇಂಟರ್ವಲ್’ಗೆ ‘ಅಂತರ’ ಅನ್ನಬಹುದೇ? (ಸಂಗೀತ ಪಾಠಕ್ಕೆ)

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ನಾವು ಕೆಲವರು ಸೇರಿ ಹೈಸ್ಕೂಲ್ ಮಕ್ಕಳಿಗೆ ಕನ್ನಡದಲ್ಲೇ ಒಂದು ಸಂಗೀತ ಅಭ್ಯಾಸ ಪುಸ್ತಕ ಮಾಡುತ್ತಿದ್ದೇವೆ. ಕೇಳಿದ ಸ್ವರ ಗುರುತಿಸಿ ಬರೆಯುವುದು, ಮೊದಲು ಕೇಳಿರದ ಸ್ವರಸಾಲನ್ನು ನೋಡಿದ ಕೂಡಲೇ ಹಾಡುವುದು, ಇಷ್ಟೇ ಅದರಲ್ಲಿರುವುದು. ಕರ್ನಾಟಕ ಸಂಗೀತ ಕಲಿಯುವವರಿಗೂ ಕೀಬೋರ್ಡ್ ಕಲಿಯುವವರಿಗೂ ಒಂದೇ ಪುಸ್ತಕ. ಹಾಗಾಗಿ ಇಬ್ಬರಿಗೂ ಒಗ್ಗುವ ಪದ ಬೇಕು.

ದೊಡ್ಡ ತೊಡಕು ‘ಇಂಟರ್ವಲ್’, ಅಂದರೆ ಎರಡು ಸ್ವರಗಳ ನಡುವಿನ ದೂರ. ಹಾಗೇ ಬಿಟ್ಟರೆ ಮಕ್ಕಳು ತಿಂಡಿ ಡಬ್ಬಿ ತೆಗೆಯುತ್ತಾರೆ! ‘ಅಂತರ’ ಅನ್ನೋಣ ಅಂದರೆ ‘ಅಂತರ ಗಾಂಧಾರ’ (‘ಗ’ ಸ್ವರದ ಒಂದು ಬಗೆ) ಅಡ್ಡ ಬರುತ್ತದೆ. ಮೊದಲ ಪಾಠವಾದ ಸರಳೆ ವರಸೆ ಕಲಿಸುವ ಮಾಯಾಮಾಳವಗೌಳ ರಾಗದಲ್ಲೇ ಆ ಗಾಂಧಾರ ಇದೆ. ‘ಷಡ್ಜಕ್ಕೂ ಅಂತರ ಗಾಂಧಾರಕ್ಕೂ ಅಂತರ ಎಷ್ಟು?’ ಅಂತ ಕೇಳಿದರೆ ಮಗು ಏನು ಮಾಡಬೇಕು? ‘ಸ್ವರಾಂತರ’ವೂ ಖಾಲಿ ಇಲ್ಲ. ನಾಲ್ಕೇ ಸ್ವರದ ರಾಗಗಳಿಗೆ ಆ ಹೆಸರಿದೆ.

‘ದಾಟು’ ಆಗಬಹುದು ಅಂದರು ಗೆಳೆಯರೊಬ್ಬರು. ನಡುವಿನ ಸ್ವರ ದಾಟಿ ಹಾಡುವ ದಾಟು ವರಸೆ ಸಂಗೀತ ಕಲಿತವರಿಗೆಲ್ಲ ಗೊತ್ತು, ಕಿವಿಗೂ ಹಿತ. ಆದರೆ ಸ–ರಿ ಅಕ್ಕಪಕ್ಕದ ಸ್ವರಗಳು. ಅಲ್ಲಿ ದಾಟುವುದೇನಿದೆ?

ನನಗೆ ಈಗ ಸರಿ ಅನ್ನಿಸುತ್ತಿರುವುದು ವೀಣೆಯ ಮಾತು. ವೀಣೆಯಲ್ಲಿ ಒಂದು ಸ್ಥಾಯಿಗೆ, ಅಂದರೆ ಸ ಇಂದ ಮೇಲಿನ ಸ ವರೆಗೆ, 12 ಮೆಟ್ಟಿಲು (ತಂತಿಯ ಕೆಳಗಿನ ಅಡ್ಡಪಟ್ಟಿ, ಫ್ರೆಟ್), ಕೀಬೋರ್ಡಿನಲ್ಲೂ ಕಪ್ಪು ಬಿಳುಪು ಸೇರಿ 12 ಕೀಲಿ. ಸ–ಪ ‘ಏಳು ಮೆಟ್ಟಿಲ ದೂರ’, ಸ–ಅಂತರ ಗಾಂಧಾರ ‘ನಾಲ್ಕು ಮೆಟ್ಟಿಲ ದೂರ’. ವೀಣೆ ಶೇಷಣ್ಣನವರ ಊರಿನಲ್ಲಿ ಕೂತು ಬೇರೆ ಪದ ಹುಡುಕೋದು ಯಾಕೆ, ಅಲ್ವಾ? ಆದರೆ ಪುಸ್ತಕದಲ್ಲಿ ‘ಮೆಟ್ಟು’ ಬರೆಯಬೇಕೋ ‘ಮೆಟ್ಟಿಲು’ ಬರೆಯಬೇಕೋ, ವೈಣಿಕರು ಹೇಳಬೇಕು.

ಇನ್ನು ‘ಸೈಟ್ ಸಿಂಗಿಂಗ್’, ಅಂದರೆ ಸ್ವರಸಾಲು ನೋಡಿದ ಕೂಡಲೇ ಹಾಡುವುದು. ‘ನೋಡಿ ಹಾಡು’ ಸಲೀಸು. ಆದರೆ ‘ಪುಸ್ತಕ ನೋಡಿ ಹಾಡ್ತಾರೆ’ ಅನ್ನುವುದು ನಮ್ಮಲ್ಲಿ ಬೈಗುಳವೇ. ಜೊತೆಗೆ ನಮ್ಮ ಸ್ವರಲಿಪಿಯಲ್ಲಿ ಬರೀ ‘ರಿ’ ನೋಡಿದರೆ ಸಾಲದು. ಮಾಯಾಮಾಳವಗೌಳದಲ್ಲಿ ಅದು ಶುದ್ಧ ರಿಷಭ, ಶಂಕರಾಭರಣದಲ್ಲಿ ಅದಕ್ಕಿಂತ ಎತ್ತರದ ಚತುಶ್ರುತಿ ರಿಷಭ. ಅದಕ್ಕೆ ಪ್ರತಿ ಪಾಠದ ಮೇಲೂ ರಾಗ ಹಾಕುತ್ತಿದ್ದೇವೆ. ‘ಕಂಡೊಡನೆ ಹಾಡು’ ಹೇಗೆ? ಸ್ವಲ್ಪ ಹಳಗನ್ನಡದ ವಾಸನೆ ಜಾಸ್ತಿ ಆಯಿತೇನೋ.

ಕೇಳಿದ ಸ್ವರ ಗುರುತಿಸುವ ‘ಇಯರ್ ಟ್ರೈನಿಂಗ್’ಗೆ ‘ಸ್ವರಜ್ಞಾನ’ ಬೇಡ ಅನ್ನಿಸಿತು. ಅದು ಕಲಿತ ಮೇಲೆ ಬರುವುದು. ‘ಕಿವಿ ಪಳಗಿಸುವ ಪಾಠ’ ಅಂತ ಬರೆದುಕೊಂಡಿದ್ದೇನೆ.

ಇನ್ನೊಂದು ಕೇಳಬೇಕಿತ್ತು. ಅರಮನೆ ಕಾಲದಿಂದಲೂ ಇಲ್ಲಿ ಇಂಗ್ಲಿಷ್ ಬ್ಯಾಂಡ್ ಇದೆ. ಸ್ಟಾಫ್ ನೋಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದಿ ನುಡಿಸುವಾಗ ಬ್ಯಾಂಡಿನವರು ತಮ್ಮತಮ್ಮಲ್ಲಿ ಕನ್ನಡದಲ್ಲಿ ಇವಕ್ಕೆಲ್ಲ ಏನನ್ನುತ್ತಿದ್ದರು? ಆ ಮನೆಗಳವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಪುಸ್ತಕ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ.