ಸಹಾಯ ಬೇಕು: ಡ್ರೈ ಫೈರ್‌ಗೆ (ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ) ಲೇಸರ್ ಕಾರ್ಟ್ರಿಡ್ಜ್ (ಗುಂಡಿನ ಆಕಾರದ, ಲೇಸರ್ ಚುಕ್ಕೆ ಬಿಡುವ ಸಾಧನ) ಸಾಕಾ?

ಎಲ್ಲರಿಗೂ ನಮಸ್ಕಾರ. 9 ಎಂಎಂ ಸ್ಟ್ರೈಕರ್ (ಗುಂಡಿನ ಹಿಂಬದಿಗೆ ಬಡಿಯುವ ಒಳಗಿನ ಸೂಜಿ) ಪಿಸ್ತೂಲಿನಲ್ಲಿ ಐಪಿಎಸ್‌ಸಿ (ಪ್ರಾಕ್ಟಿಕಲ್ ಶೂಟಿಂಗ್) ಸ್ಪರ್ಧೆಗೆ ತಯಾರಿ ಮಾಡುತ್ತಿದ್ದೇನೆ. ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಚೇಂಬರ್ ಖಾಲಿ ಇದೆ ಅಂತ ಎರಡೆರಡು ಸಲ ನೋಡಿಯೇ ಡ್ರೈ ಫೈರ್ ಶುರು ಮಾಡುವುದು.

ಸ್ನ್ಯಾಪ್ ಕ್ಯಾಪ್ (ಡಮ್ಮಿ ಗುಂಡು) ಹಾಕಿ ಖಾಲಿ ಗೋಡೆಗೆ ಗುರಿಯಿಟ್ಟು ಟ್ರಿಗರ್ ಒತ್ತಿದರೆ ಮುಂದಿನ ಸೈಟ್ ಅಲ್ಲಾಡುವುದೇ ಇಲ್ಲ. ಲೇಸರ್ ಕಾರ್ಟ್ರಿಡ್ಜ್ ಹಾಕಿದರೆ ಮಾತ್ರ ಚುಕ್ಕೆ ಯಾವಾಗಲೂ ಎಡಕ್ಕೆ, ಕೆಳಗೆ ಬೀಳುತ್ತದೆ. ಹಿಡಿತ ಬದಲಿಸಿದೆ, ಟ್ರಿಗರ್ ಮೇಲೆ ಬೆರಳಿನ ಜಾಗ ಬದಲಿಸಿದೆ, ತುಂಬಾ ನಿಧಾನಕ್ಕೆ ಒತ್ತಿಯೂ ನೋಡಿದೆ, ಆದರೂ ಹಾಗೇ. ಸ್ಟ್ರೈಕರ್ ಬಡಿದಾಗಷ್ಟೇ ಲೇಸರ್ ಹೊತ್ತಿಕೊಳ್ಳುವುದು ಅಲ್ವಾ, ಅದಕ್ಕೂ ಮೊದಲು ನಳಿಗೆ ಎತ್ತ ಸರಿಯಿತು ಅಂತ ಗೊತ್ತೇ ಆಗುವುದಿಲ್ಲ.

ದೋಷ ನನ್ನ ಬೆರಳಿನದೋ, ಕಾರ್ಟ್ರಿಡ್ಜ್ ಚೇಂಬರಿನಲ್ಲಿ ಓರೆಯಾಗಿ ಕೂತಿದೆಯೋ, ಹೇಗೆ ಪತ್ತೆ ಮಾಡುವುದು? ನಳಿಗೆಯ ಕೆಳಗಿನ ರೈಲ್‌ಗೆ ಹಾಕುವ ಮೋಷನ್ ಸೆನ್ಸರ್ (ಪಿಸ್ತೂಲಿನ ಅಲುಗಾಟ ದಾಖಲಿಸುವ ಸಾಧನ) ಬಳಸಿದವರು ಹೇಳಿ, ಅದರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದಾ?