ಟೆಸ್ಟಿಂಗ್ ಕೆಲಸ ಹೋಯಿತು, 34ಕ್ಕೆ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೆಷಿನ್) ಕಲಿಯಬಹುದಾ? ಅನುಭವ ಇರುವವರು ಹೇಳಿ

ಕೇಳಿದವರು: ಒಂಬತ್ತು ವರ್ಷ ಸಾಫ್ಟ್‌ವೇರ್ ಮ್ಯಾನುಯಲ್ ಟೆಸ್ಟಿಂಗ್ ಮಾಡಿದ್ದೆ. ಮಾರ್ಚ್‌ನಲ್ಲಿ ತೆಗೆದರು. ಮನೆ ಸಾಲದ ಕಂತು 31 ಸಾವಿರ. ಪೀಣ್ಯದಲ್ಲಿ ಎಲ್ಲಿ ನೋಡಿದರೂ ‘ಆಪರೇಟರ್ ಬೇಕಾಗಿದ್ದಾರೆ’ ಬೋರ್ಡ್. ಓದಿದ್ದು ಮೆಕ್ಯಾನಿಕಲ್. ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರ) ಚಿಕ್ಕ ಕೋರ್ಸ್ ಮಾಡಿ ಆ ಕಡೆ ಹೋಗಬಹುದಾ?

ದಾಸರಹಳ್ಳಿಯವರು: ನಾನು ಹೀಗೇ ಬಂದವನು. 2009ರಲ್ಲಿ ಅಮೆರಿಕದ ಬ್ಯಾಂಕ್‌ಗಳ ಹೊಡೆತಕ್ಕೆ ನನ್ನ ಕಾಲ್‌ಸೆಂಟರ್ ಕೆಲಸ ಹೋಯಿತು. ಸಿಎನ್‌ಸಿ ಶೆಡ್‌ನಲ್ಲಿ ಮೊದಲ ಸಂಬಳ 5,500. ಮೂರನೇ ತಿಂಗಳು, ರಾತ್ರಿ ಪಾಳಿ. ಟೂಲ್ ಎಷ್ಟು ಸರಿಯಬೇಕು ಅನ್ನುವ ಝಡ್ ಆಫ್‌ಸೆಟ್‌ಗೆ ಮೈನಸ್ 0.2 ಹಾಕಬೇಕಿತ್ತು. ಮೈನಸ್ 2.0 ಒತ್ತಿದೆ. ಗಾಡಿ ಕೊರೆಯುವ ಗ್ರೂವಿಂಗ್ ಟೂಲ್, ಲೋಹದ ತುಂಡು ಹಿಡಿದು ತಿರುಗುತ್ತಿದ್ದ ಚಕ್‌ಗೆ ಹೊಡೆಯಿತು, ಟೂಲ್‌ಗಳನ್ನು ಹಿಡಿದಿರುವ ಟರೆಟ್ ಅಲೈನ್‌ಮೆಂಟ್ ಹೋಯಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಬಿಲ್ 18,000. ತಿಂಗಳಿಗೆ 1,500ರಂತೆ ಒಂದು ವರ್ಷ ಸಂಬಳದಲ್ಲಿ ಹಿಡಿದರು. ಈಗ ಸೆಟ್ಟಿಂಗ್ (ಟೂಲ್, ಅಳತೆ ಹೊಂದಿಸುವುದು), ಪ್ರೋಗ್ರಾಂ ಎರಡೂ ನನ್ನದೇ, 42 ಸಾವಿರ ಬರುತ್ತದೆ. ಬೋರ್ಡ್ ನಂಬಬೇಡಿ. ಬಟನ್ ಒತ್ತುವವರು ಬೇಕಾದಷ್ಟು ಸಿಗುತ್ತಾರೆ. ಡ್ರಾಯಿಂಗ್ ಓದಿ ಸೆಟ್ಟಿಂಗ್ ಮಾಡುವವರೇ ಇಲ್ಲ.

ಬಿಡದಿಯವರು: 2019 ಮರೆತುಬಿಟ್ಟಿರಾ? ಗಾಡಿ ಮಾರಾಟ ಬಿತ್ತು, ನಮ್ಮಲ್ಲಿ ಮೂರು ಪಾಳಿ ಒಂದಾಯಿತು. ಕಾಂಟ್ರಾಕ್ಟ್‌ನವರನ್ನೇ ಮೊದಲು ಕಳಿಸಿದರು, ಅದರಲ್ಲಿ ನಾನೂ ಒಬ್ಬಳು. ಡೇಟಾ ಕೋರ್ಸ್ ಸೇರಿದೆ. ಫೀಸು 2,10,000. ತಿಂಗಳಿಗೆ 10,200, 24 ಕಂತು. ಲೆಕ್ಕ ಹಾಕಿ, 2,44,800. ಹನ್ನೊಂದು ತಿಂಗಳು ಅಲೆದು ಸಿಕ್ಕಿದ್ದು ಸಪೋರ್ಟ್ ಕೆಲಸ, 28 ಸಾವಿರ. ಆದರೂ ಟೂಲ್ ತಣಿಸಲು ಸುರಿಯುವ ಕೂಲಂಟ್‌ಗೆ ಬೆರಳ ಸಂದಿ ಬಿರಿಯುವುದಿಲ್ಲ, ತುರಿಕೆ ಇಲ್ಲ. ನಾನಂತೂ ವಾಪಸ್ ಹೋಗುವುದಿಲ್ಲ.

ದಾಸರಹಳ್ಳಿಯವರು: ತುರಿಕೆ ಅಂತ ಹೇಳಿ ಕೆಲಸವನ್ನೇ ಕೀಳು ಮಾಡಬೇಡಿ ಮೇಡಂ. ಅದೇ ಕೈಯಲ್ಲಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದೇನೆ.

ಬಿಡದಿಯವರು: ಕೀಳು ಅಂತ ಎಲ್ಲಿ ಹೇಳಿದೆ? ನನ್ನ ಕೈ, ನನ್ನ ನೋವು. ಅದನ್ನೂ ಹೇಳಬಾರದಾ?

ಪೀಣ್ಯ 2ನೇ ಹಂತದವರು: ನಾನು ನಾಲ್ಕು ಮೆಷಿನ್ ಇಟ್ಟವನು. ಸೆಟ್ಟರ್ ಇಲ್ಲದೆ ಎರಡು ನಿಂತಿವೆ. ಎಂಟು ತಿಂಗಳು ಕೂತು ಕಲಿಸುತ್ತೇನೆ, ಸಾವಿರ ಜಾಸ್ತಿ ಅಂದರೆ ಪಕ್ಕದ ಶೆಡ್‌ಗೆ ಹೋಗಿಬಿಡುತ್ತಾರೆ.

ಬಿಡದಿಯವರು: ಆ ಸಾವಿರ ನೀವೇ ಕೊಡಿ. 16 ಸಾವಿರಕ್ಕೆ ಹನ್ನೆರಡು ಗಂಟೆ ದುಡಿಸಿ ಜನ ಸಿಗುತ್ತಿಲ್ಲ ಅಂದರೆ?

ಪೀಣ್ಯ 2ನೇ ಹಂತದವರು: ಎಲ್ಲಿಂದ ಕೊಡಲಿ? ನಮ್ಮಂಥ ಸಣ್ಣವರಿಗೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಕಾನೂನೇ ಇದೆ. ನನಗೆ ಜೂನ್ ಬಿಲ್ ಅಕ್ಟೋಬರ್‌ನಲ್ಲಿ ಬಂತು. ಹೆಂಡತಿಯ ಬಳೆ ಅಡ ಇಟ್ಟು ಸಂಬಳ ಕೊಟ್ಟಿದ್ದೇನೆ.

ದಾಸರಹಳ್ಳಿಯವರು: ಬಿಲ್ ತಡ ಮಾಡುವವರ ಮೇಲೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಿ ಸರ್.

ಪೀಣ್ಯ 2ನೇ ಹಂತದವರು: ಹಾಕಿದರೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ? ನೀವು ಕೊಡುತ್ತೀರಾ?

ಕೇಳಿದವರು: ಸರ್, ನಿಂತಿರುವ ಆ ಎರಡು ಮೆಷಿನ್‌ನ ಕಂಟ್ರೋಲ್ ಯಾವ ಕಂಪನಿಯದು, ಫ್ಯಾನುಕ್ಕಾ, ಸೀಮೆನ್ಸಾ?